ದಂಟಿನ ಸಕ್ಕರೆ

ಜೋಳದ ದಂಟನ್ನು ಬೇಯಿಸಿ ಅದರಿಂದ ಸಕ್ಕರೆ ತೆಗೆಯುವುದು ಲ್ಯಾಬಿನಲ್ಲಿ ನನ್ನ ಕೆಲಸ. ಅಪ್ಪನ ಪ್ರಕಾರ ಅದು ಕಲ್ಲು ಹಿಂಡಿ ನೀರು ತೆಗೆಯುವ ಕಸುಬು. "ದನದ ಬಾಯಿಂದ ಕಿತ್ಕೊಳ್ತೀಯಲ್ಲೇ, ಪಾಪ ಬರುತ್ತೆ," ಎಂದು ದಿನಾ ಕಾಡುತ್ತಿದ್ದರು. ಕಣ್ಣಾರೆ ನೋಡಲಿ ಎಂದೇ ಮೊನ್ನೆ ಒಂದು ಬಾಟಲಿ ಶುದ್ಧ ಪಾಕ ತಂದು ಫ್ರಿಜ್ಜಿನಲ್ಲಿಟ್ಟಿದ್ದೆ.

ಭಾನುವಾರ ಮಧ್ಯಾಹ್ನ ಹೊರಗಿನಿಂದ ಬಂದರೆ, ಅಪ್ಪ ಕುರ್ಚಿಯಲ್ಲಿ ಬೆವರಿನಿಂದ ತೊಯ್ದು ತೊಪ್ಪೆಯಾಗಿ ಕೂತಿದ್ದರು. ಕೈ ಗಡಗಡ ನಡುಗುತ್ತಿತ್ತು, ಮಾತು ತೊದಲುತ್ತಿತ್ತು.

"ಬೆಳಿಗ್ಗೆಯಿಂದ ಶುಗರ್ ಏರ್ತಾನೇ ಇದೆ. ಒಂದು ಇಂಜೆಕ್ಷನ್ ಜಾಸ್ತಿ ಕೊಟ್ಟೆ, ಆದ್ರೂ ಇಳೀತಿಲ್ಲ. ಇನ್ನೊಂದು ಕೊಟ್ಬಿಡ್ಲಾ?" ಎಂದಳು ಅಮ್ಮ. ಸಿರಿಂಜು ಅವಳ ಕೈಯಲ್ಲೇ ಇತ್ತು.

ನಾನೂ ಬೆರಳು ಚುಚ್ಚಿ ನೋಡಿದೆ. ಮೀಟರು ವಿಪರೀತ ಜಾಸ್ತಿ ಎಂದೇ ತೋರಿಸಿತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಈ ಬೆವರು, ಈ ನಡುಕ, ಈ ತೊದಲು ಎಲ್ಲವೂ ಸಕ್ಕರೆ ಇಳಿದವರ ಲಕ್ಷಣ. ಯಂತ್ರವನ್ನು ನಂಬಬೇಕೋ, ಅಪ್ಪನ ಮುಖವನ್ನೋ? ತಪ್ಪಿದರೆ ಅಪ್ಪನೇ ಉಳಿಯುವುದಿಲ್ಲ.

"ಅಪ್ಪಾ, ಏನ್ ತಿಂದ್ರಿ?"

"ಏನೂ ಇಲ್ಲ ಕಣೇ... ನಿನ್ ದಂಟಿನ್ ರಸ..."

ಫ್ರಿಜ್ಜು ತೆಗೆದೆ. ಬಾಟಲಿ ಖಾಲಿ.

ದಂಟಿನಲ್ಲಿ ಮುಖ್ಯವಾಗಿ ಎರಡು ಬಗೆಯ ಸಕ್ಕರೆ ಇರುತ್ತದೆ. ಒಂದು ನಮ್ಮ ರಕ್ತದಲ್ಲಿರುವುದೇ. ಬಾಟಲಿಯಲ್ಲಿದ್ದದ್ದು ಇನ್ನೊಂದು, ಮೈಗೆ ಅಷ್ಟಾಗಿ ಹತ್ತದ್ದು. ಅಪ್ಪನ ಹಳೇ ಮೀಟರಿಗೆ ಎರಡೂ ಒಂದೇ ಎಂದು ಕಂಡಿರಬೇಕು. ಅದನ್ನು ನಂಬಿ ಕೊಟ್ಟ ಇಂಜೆಕ್ಷನ್ನು ಇದ್ದ ಅಸಲಿ ಸಕ್ಕರೆಯನ್ನೂ ಇಳಿಸಿರಬೇಕು. ಹಾಗೇ ಇರಬೇಕು. ಇಲ್ಲದಿದ್ದರೆ?

"ಆಂಬುಲೆನ್ಸಿಗೆ ಫೋನ್ ಮಾಡಮ್ಮಾ," ಎನ್ನುತ್ತಾ ಡಬ್ಬದ ಸಕ್ಕರೆಯನ್ನು ನೀರಿಗೆ ಸುರಿದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಹುಚ್ಚು ಹಿಡೀತೇನೇ ನಿಂಗೆ? ಉರಿಯೋ ಬೆಂಕಿಗೆ ತುಪ್ಪ ಸುರೀತೀಯಾ?"

"ಬಿಡಮ್ಮಾ!"

ಬಿಡಿಸಿಕೊಂಡು ಲೋಟವನ್ನು ಅಪ್ಪನ ತುಟಿಗಿಟ್ಟೆ. ಗುಟುಕು ಗುಟುಕಾಗಿ ಕುಡಿಸಿದೆ. ಆಂಬುಲೆನ್ಸ್ ಬರುವಷ್ಟರಲ್ಲಿ ಬೆವರು ಆರಿ, ಅಪ್ಪನ ಮಾತು ನೆಟ್ಟಗಾಯಿತು. ಆಗ ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

"ಯಾಕಪ್ಪಾ ಕುಡಿದ್ರಿ ಅದನ್ನ?"

"ಪಾರ್ಕಲ್ಲಿ ಎಲ್ಲರ ಹತ್ರಾನೂ ಹೇಳ್ತಿರ್ತೀನಿ, ನನ್ ಮಗಳು ದಂಟಿಂದ ಸಕ್ಕರೆ ತೆಗೀತಾಳೆ ಅಂತ." ಅಪ್ಪ ನೆಲ ನೋಡಿದರು. "ನಿನ್ನೆ ಒಬ್ರು, ಹೇಗಿರುತ್ತೆ ರುಚಿ ಅಂತ ಕೇಳಿದ್ರು. ನಂಗೇ ಗೊತ್ತಿರ್ಲಿಲ್ಲ ಕಣೇ."