ಗೋಮಾಳದ ಉಪ್ಪಿನ ಕಲ್ಲು

ನಮ್ಮೂರಿನ ಗೋಮಾಳಕ್ಕೆ ಸೀಮೆಗೊಬ್ಬರ ಹಾಕಬೇಕು ಅಂತ ಹಟ ಹಿಡಿದವನು ನಾನೇ. ತೊಂಬತ್ತಾರನೇ ಇಸವಿಯ ಮಾತು. ಹುಲ್ಲಹಳ್ಳಿಯಿಂದ ಎರಡು ಮೈಲಿ ದೂರದ ನಮ್ಮೂರಲ್ಲಿ ನಾನು ಹಾಲಿನ ಡೇರಿಯ ಕಾರ್ಯದರ್ಶಿ. ಓದಿದವನು ಅನ್ನುವ ಕೊಬ್ಬು ಬೇರೆ.

"ಅಜ್ಜನ ಕಾಲದಿಂದ ಅದ್ನ ಉತ್ತಿಲ್ಲ, ಬಿತ್ತಿಲ್ಲ. ಗರಿಕೆ ತಾನಾಗೇ ಬತ್ತಾ ಅದೆ. ದನ ಮೇಯ್ತವೆ, ಸಗಣಿ ಆಕ್ತವೆ. ಇನ್ನೇನ್ಲಾ ಬೇಕು ಅದ್ಕೆ?" ಎಂದು ನನ್ನ ದೊಡ್ಡಪ್ಪ ದೊಡ್ಡಸಿದ್ದಯ್ಯ ಗದರಿದರು. ಊರಲ್ಲಿ ಅವರ ಮಾತೇ ಕೊನೆ.

ನಾನು ಬಿಡಲಿಲ್ಲ. ಅರ್ಧ ಗೋಮಾಳಕ್ಕೆ ಮುಳ್ಳುಬೇಲಿ ಕಟ್ಟಿಸಿ, ಮಳೆ ಹಿಡಿದ ಮೇಲೆ ಯೂರಿಯಾ ಎರಚಿದೆ. ಇಪ್ಪತ್ತು ದಿನಕ್ಕೆ ಬೇಲಿಯೊಳಗಿನ ಹುಲ್ಲು ಕಪ್ಪುಹಸಿರಾಗಿ ಮೊಣಕಾಲಿಗೆ ಬಂತು. ಒಳಗೆ ಹೊರಗೆ ಎರಡೂ ಕಡೆ ಒಂದೊಂದು ಮಾರು ಚೌಕ ಕೊಯ್ದು, ಡೇರಿಯ ತಕ್ಕಡಿಯಲ್ಲಿ ಎಲ್ಲರೆದುರು ತೂಗಿದೆ. ಗೊಬ್ಬರದ ಹುಲ್ಲು ಎರಡರಷ್ಟಿತ್ತು. ಗರಿಕೆಯ ನಡುವೆ ಹಬ್ಬುತ್ತಿದ್ದ ಸಣ್ಣೆಲೆಯ ಬಳ್ಳಿ ಬೇಲಿಯೊಳಗೆ ಕಾಣೆಯಾಗಿತ್ತು. ದನ ಮೊದಲು ಹುಡುಕಿ ತಿನ್ನುವುದೇ ಅದನ್ನು. ಅದು ನನಗೆ ಕಂಡಿತ್ತು, ಆದರೆ ಯಾರಿಗೂ ಹೇಳಲಿಲ್ಲ. ದೊಡ್ಡಪ್ಪ ಒಂದು ಹಿಡಿ ಹುಲ್ಲು ಮೂಸಿ, "ನೀನೇ ಗೆದ್ದೆ ಕಣ್ಲಾ ಚಿಕ್ಕಬಸಪ್ಪ" ಎಂದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಗೋಮಾಳದ ನಡುವೆ, ನನ್ನ ಬೇಲಿಯ ಹೊರಗೆ ಉಳಿದಿದ್ದ ಒಂದು ಚಪ್ಪಟೆ ಕಲ್ಲಿದೆ. ಸೋಮವಾರ ಸೋಮವಾರ ಸರದಿಯ ಮನೆಯವರು ಅದರ ಗುಳಿಯಲ್ಲಿ ಹರಳುಪ್ಪು ಸುರಿಯಬೇಕು, ದನಗಳು ಬಂದು ನೆಕ್ಕುತ್ತವೆ. ಈ ಸರದಿ ಊರಾಚೆಯ ದಲಿತರ ಕಾಲೋನಿಯವರಿಗೆ ಎಂದೂ ಇರಲಿಲ್ಲ. ಅವರ ಹಾಲು ಡೇರಿಗೆ ಬೇಕು, ಉಪ್ಪು ಕಲ್ಲಿಗೆ ಬೇಡವೋ ಎಂದು ಜಗಳವಾಡಿ ಆ ವರ್ಷ ಸರದಿ ಕೊಡಿಸಿದವನೂ ನಾನೇ. ಮೊದಲ ಸರದಿ ಮಹದೇವಮ್ಮನದು. ಗಂಡ ಸತ್ತ ಆಕೆಗೆ ಇದ್ದದ್ದು ಒಂದೇ ಹಸು.

ಆಕೆಯ ಸರದಿಯ ಹಿಂದಿನ ದಿನ, ಭಾನುವಾರ ಸಂಜೆ, ಎರಡನೇ ಸಲ ಗೊಬ್ಬರ ಹಾಕಲು ಹೋದೆ. ಚೀಲ ತೇವಕ್ಕೆ ಹೆಂಟೆಗಟ್ಟಿತ್ತು. ಕುಟ್ಟಿ ಪುಡಿ ಮಾಡಲು ಆ ಕಲ್ಲಿಗಿಂತ ಒಳ್ಳೆಯ ಜಾಗ ಕಾಣಲಿಲ್ಲ. ಕುಟ್ಟುತ್ತಿದ್ದಾಗ ಹಾಲಿನ ವ್ಯಾನು ಹಾರ್ನ್ ಹೊಡೆಯಿತು. ಗುಳಿಯಲ್ಲಿ ಎರಡು ಬೊಗಸೆಯಷ್ಟು ಉಳಿದಿತ್ತು. ಆಮೇಲೆ ಬಳಿದರಾಯಿತು ಎಂದು ಚೀಲ ಹೊತ್ತು ಓಡಿದೆ. ಆಮೇಲೆ ಮರೆತೇಹೋಯಿತು.

ಸೋಮವಾರ ಮಹದೇವಮ್ಮ ಬಂದು ಉಪ್ಪು ಸುರಿದಳು. ಮಂದೆಯ ಮುಂದೆ ನಡೆಯುವ ದೊಡ್ಡಪ್ಪನ ಕಪ್ಪು ಹಸು ಮೊದಲು ಕಲ್ಲಿಗೆ ಬಾಯಿ ಹಾಕಿತು. ಗುಳಿ ಬರಿದಾಗುವ ತನಕ ಬೇರೆ ದನಕ್ಕೆ ಜಾಗ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ಉಬ್ಬಿ, ಮೈ ನಡುಗಿ, ಬಿದ್ದು ಸತ್ತಿತು.

ಊರು ಸೇರಿತು. ಗೊಬ್ಬರದ ಹುಲ್ಲೇ ಕೊಂದಿತು ಎಂದು ಯಾರೋ ಅಂದರು. ದೊಡ್ಡಪ್ಪ ತಲೆಯಾಡಿಸಿದರು. "ಉಲ್ಲಲ್ಲ. ಬೇಲಿ ಇನ್ನೂ ತೆಗ್ದೇ ಇಲ್ಲ. ನಮ್ಮುಡುಗ ತೂಗಿ ತೋರ್ಸವ್ನೆ, ಉಲ್ಲು ಒಳ್ಳೇದೇ. ಇವ್ಳ ಉಪ್ಪಲ್ಲೇ ಏನೋ ಅದೆ."

ನಾನು ಗೆಲ್ಲಿಸಿಕೊಂಡ ಮಾತೇ ನನ್ನ ಕುತ್ತಿಗೆಗೆ ಬಂತು.

"ಉಪ್ಪೇ ಬುದ್ದಿ ಆಕಿದ್ದು" ಎಂದಳು ಮಹದೇವಮ್ಮ. "ಗುಳೀಲಿ ಬೆಳ್ಳಗೆ ಏನೋ ಇತ್ತು. ಓದ್ವಾರದ ಉಪ್ಪು ಅನ್ಕೊಂಡು ಮ್ಯಾಲೇ ಸುರ್ದೆ." ಯಾರೂ ಕೇಳಿಸಿಕೊಳ್ಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಉಳಿದ ಉಪ್ಪನ್ನು ಬಾಯಿಗೆ ಹಾಕಿಕೊಂಡಳು. ಒಂದು ಹರಳನ್ನು ನನ್ನ ಕಡೆ ಚಾಚಿದಳು. "ನೀವಾದ್ರೂ ನೋಡಿ ಏಳಿ ಸಾ."

ನಾಲಿಗೆಯ ಮೇಲೆ ಇಟ್ಟುಕೊಂಡೆ. "ಉಪ್ಪೇ" ಎಂದೆ, ಅಷ್ಟೇ. ಗುಳಿಯಲ್ಲಿದ್ದ ಬಿಳಿಯದು ನನ್ನ ಯೂರಿಯಾ, ದನದ ಹೊಟ್ಟೆಗೆ ವಿಷ ಎಂದು ಹೇಳಿದರೆ ದೊಡ್ಡಪ್ಪನ ಹಸು ಕೊಂದವನಾಗುತ್ತೇನೆ, ಗೊಬ್ಬರದ ಮಾತನ್ನು ಊರಲ್ಲಿ ಮತ್ತೆ ಎತ್ತುವ ಹಾಗಿಲ್ಲ. ಹೇಳದಿದ್ದರೆ ಇವಳು ಕೆಟ್ಟಳು. ಹೆದರಿಕೆಯೇ ಗೆದ್ದಿತು.

"ಇವತ್ತಿಂದ ನಿನ್ನ ಅಸ ಗೋಮಾಳ ತುಳೀಕೂಡ್ದು" ಎಂದರು ದೊಡ್ಡಪ್ಪ.

ಮಂಗಳವಾರ ಆಕೆ ತಂದ ಹಾಲು ಎಂದಿನದರಲ್ಲಿ ಅರ್ಧ. ಬುಧವಾರ ಚೊಂಬಿನ ತಳದಲ್ಲಿತ್ತು. ನಾನೇ ಅಳೆದೆ. ನನಗೆ ಅವಳ ಮುಖ ನೋಡಲಾಗಲಿಲ್ಲ. ಹೇಳಲೇಬೇಕು ಎಂದು ದೊಡ್ಡಪ್ಪನ ಜಗಲಿ ತನಕ ಹೋಗಿ, ಮಳೆ ಬೆಳೆ ಮಾತಾಡಿ ಎರಡು ಸಲ ವಾಪಸಾದೆ. ಥೂ, ಎಂಥ ಹೇಡಿ ನಾನು!

ಗುರುವಾರ ಆಕೆ ಡೇರಿಗೆ ಬರಲಿಲ್ಲ. ನನಗಿನ್ನು ತಡೆಯಲಾಗಲಿಲ್ಲ. ದೊಡ್ಡಪ್ಪನಿಗೆ ಕಲ್ಲು, ಹೆಂಟೆ, ವ್ಯಾನು ಎಲ್ಲ ಹೇಳಿದೆ. ಅವರು ಹೊಡೆಯುತ್ತಾರೆ ಅಂದುಕೊಂಡೆ. "ನಡಿ ಅವ್ಳ ಮನೆಗೆ" ಎಂದು ಎದ್ದರು. ಬರಿಗೈಲಿ ಹೋಗಲು ನಾಚಿಕೆಯಾಗಿ, ಬೇಲಿಯೊಳಗಿನ ಹುಲ್ಲು ಒಂದು ಹೊರೆ ಕೊಯ್ದು ತಲೆಯ ಮೇಲೆ ಹೊತ್ತೆ.

ದೊಡ್ಡಪ್ಪ ಹುಟ್ಟಿದ ಮೇಲೆ ಕಾಲೋನಿಗೆ ಕಾಲಿಟ್ಟದ್ದು ಅವತ್ತೇ ಮೊದಲು. ಮಹದೇವಮ್ಮ ಬಾಗಿಲಲ್ಲಿ ಕೂತಿದ್ದಳು.

"ತಪ್ಪಾಯ್ತು ಕಣವ್ವ. ಇವ್ನು ಕಲ್ಲ ಮ್ಯಾಲೆ ಗೊಬ್ಬರ ಬಿಟ್ಟಿದ್ನಂತೆ. ಉಪ್ಪಿನ ಸರದಿ ನಿಂದೇ. ನಾಳೆಯಿಂದ ಅಸನ ಗೋಮಾಳಕ್ಕೆ ಬುಡು."

ಆಕೆ ನನ್ನ ತಲೆಯ ಮೇಲಿದ್ದ ಹೊರೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಸರದಿ ಬಂದ್ರೆ ಉಪ್ಪು ಆಕ್ತೀನಿ ಬುದ್ದಿ. ಕಟ್ಟಾಕ್ಕೊಂಡು ಏನ ತಿನ್ಸಲಿ ಅಂತ ಬೆಳಗ್ಗೆ ಅಸನ ಬನ್ನೂರು ಕಡೆಯೋರ್ಗೆ ಮಾರ್ಬುಟ್ಟೆ."

ಗೂಟದಲ್ಲಿ ಬರೀ ಹಗ್ಗವಿತ್ತು. ಹೊರೆಯನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಹಾಗೇ ನಿಂತೆ.