ಎಡಕ್ಕೊಂದು ಮುಚ್ಚಳ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್.

ಎಚ್ಚರವಾದಾಗ ರಾತ್ರಿ ಒಂದೂವರೆ. ಅಡುಗೆಮನೆಯ ನಲ್ಲಿ ಸೋರುತ್ತಿರಬಹುದೆಂದು ಎದ್ದು ಹೋದೆ. ನಲ್ಲಿಯ ಬಾಯಿ ಒಣಗಿತ್ತು. ಗ್ಯಾಸ್ ಮುಚ್ಚಿತ್ತು, ಮುಂಬಾಗಿಲಿಗೆ ಚಿಲಕ ಬಿದ್ದಿತ್ತು. ಇವನ್ನೆಲ್ಲ ಎರಡೆರಡು ಸಲ ನೋಡುವುದು ನನ್ನ ಚಾಳಿ. ಹಿಂಬಾಗಿಲು ಮಾತ್ರ ಅರ್ಧ ತೆರೆದಿತ್ತು. ಆಚೆ ಶೆಡ್ಡಿನಲ್ಲಿ ದೀಪ ಉರಿಯುತ್ತಿತ್ತು.

ಮಾವ ತಮ್ಮ ಕಾರಿನಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದರು. ಕಣ್ಣು ಮುಚ್ಚಿತ್ತು.

"ಮಾವ! ಈ ಹೊತ್ತಲ್ಲಿ ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲಮ್ಮ. ಕೀಲಿ ಮಾತ್ರ ತಿರುಗಿಸಿದೀನಿ. ಫ್ಯುಯೆಲ್ ಪಂಪಿನ ಸದ್ದು ಕೇಳ್ತಿದೀನಿ."

"ಹಗಲು ಹೊತ್ತು ಕೇಳೋಕಾಗಲ್ವಾ?"

"ಹಗಲು ಹೊತ್ತು ನಿನ್ನ ಗಂಡನ ಸದ್ದೇ ಜಾಸ್ತಿ."

ನಾನು ಡಿಕ್ಕಿಯ ಹಿಂದೆ ನಿಂತಿದ್ದೆ. ಟಿಕ್ ಎನ್ನುವುದು ನನ್ನ ಬಲಗಡೆ, ಚಕ್ರದ ಹತ್ತಿರದಿಂದ ಬರುತ್ತಿತ್ತು.

"ನೆಟ್ಟಗಿರೋ ಪಂಪು ನಾಲ್ಕು ಸಲ ಬಡ್ಕೊಂಡು ತೆಪ್ಪಗಾಗಬೇಕು. ಇದು ತೆಪ್ಪಗಾಗ್ತಿಲ್ಲ. ಬದಲಾಯಿಸ್ಲೇಬೇಕು," ಎಂದು ಕೀಲಿ ತೆಗೆದರು. ಆಮೇಲೆ ಮೆಲ್ಲಗೆ, "ಅವನಿಗೆ ಹೇಳಬೇಡಮ್ಮ," ಎಂದರು.

ಅವರು ಯಾಕೆ ಹಾಗೆಂದರು ಎಂಬುದು ನನಗೆ ಗೊತ್ತಿತ್ತು. ಇಬ್ಬರೇ ಕೂರಬಹುದಾದ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಆ ಹಳೆಯ ಸ್ಪೋರ್ಟ್ಸ್ ಕಾರನ್ನು ಮಾವ ನಲವತ್ತು ವರ್ಷದಿಂದ ತಾವೇ ರಿಪೇರಿ ಮಾಡಿಕೊಂಡು ಬಂದವರು. ಅದರ ಪಂಪು ಡಿಕ್ಕಿಯ ತಗಡಿನ ಕೆಳಗೆ ಅಡಗಿದೆ. ಮುಟ್ಟಬೇಕೆಂದರೆ ಹಿಂದಿನಿಂದ ಅಂಗಾತ ಮಲಗಿ ನುಸುಳಬೇಕು. ನಾಲ್ಕು ತಿಂಗಳ ಹಿಂದೆ ಹಾಗೆ ನುಸುಳಿದವರಿಗೆ ಬೆನ್ನು ಹಿಡಿದುಕೊಂಡು ಎದ್ದು ಬರಲಾಗಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ಸಂಜೆ ನನ್ನ ಗಂಡ ಬಂದು ಕಾಲು ಹಿಡಿದು ಎಳೆದಾಗ, "ಬೂಟು ಬಿಟ್ಟು ಎಳಿಯೋ, ಹೊಸದು," ಎಂದಿದ್ದರಂತೆ. ಗಂಡ ನಗಲಿಲ್ಲ. ಕಾರು ಕೊಳ್ಳುವೆನೆಂದು ಬಹಳ ದಿನದಿಂದ ಕೇಳುತ್ತಿದ್ದವನೊಬ್ಬನ ಕಾರ್ಡನ್ನು ಫ್ರಿಜ್ಜಿನ ಮೇಲೆ ಅಂಟಿಸಿ, "ಅಪ್ಪ, ಇನ್ನೊಂದೇ ಒಂದು ಎಡವಟ್ಟು ಆಗ್ಲಿ, ಫೋನ್ ಮಾಡಿಬಿಡ್ತೀನಿ ನೋಡು," ಎಂದ. ಅವನಿಗೆ ಅಪ್ಪನ ಬೆನ್ನಿಗಿಂತ ತಲೆಯದೇ ಅನುಮಾನ. ಒಮ್ಮೊಮ್ಮೆ ನನಗೂ.

ಮರುದಿನ ಕಾಫಿ ಕೊಡುವಾಗ ಕೇಳಿದೆ: "ಪಂಪಿಗೆ ಮೇಲಿಂದ ಕೈ ಹಾಕೋಕಾಗಲ್ವಾ ಮಾವ?"

"ಡಿಕ್ಕಿ ತಗಡು ಕತ್ತರಿಸಬೇಕಾಗುತ್ತೆ. ಕಾರು ಮಾಡಿದವರು ಬಿಟ್ಟಿದ್ದ ಹಾಗೇ ಇದೆಯಮ್ಮ ಅದು, ಒಂದು ತೂತಿಲ್ಲ."

ಎರಡು ದಿನ ಮಾವ ಆ ಮಾತು ಎತ್ತಲಿಲ್ಲ. ಮೂರನೆಯ ದಿನ ತಾವೇ ಮಗನ ಮುಂದೆ ಹೇಳಿದರು: ಚೌಕವಾಗಿ ಒಂದು ಕಿಂಡಿ, ಅದಕ್ಕೊಂದು ಮುಚ್ಚಳ, ನಾಲ್ಕು ಸ್ಕ್ರೂ, ಇನ್ನು ಸಾಯುವವರೆಗೆ ಕಾರಿನ ಕೆಳಗೆ ಹೋಗುವ ಮಾತಿಲ್ಲ. ಗಂಡ ಒಪ್ಪಿದ. ನನ್ನ ಕಡೆ ತಿರುಗಿ, "ನೀನು ಪಕ್ಕದಲ್ಲೇ ಇರು. ಹೆದರೋದ್ರಲ್ಲಿ ನಿನ್ನನ್ನ ಮೀರಿಸೋರಿಲ್ಲ," ಎಂದ.

ಶನಿವಾರ ಗಂಡ ಕೆಲಸಕ್ಕೆ ಹೋದ ಮೇಲೆ ಶುರುವಾಯಿತು. ಟ್ಯಾಂಕಿನ ಪೆಟ್ರೋಲನ್ನು ಪೈಪಿನಲ್ಲಿ ಎಳೆದು ಕ್ಯಾನಿಗೆ ತುಂಬಿ ಅಂಗಳದ ತುದಿಗಿಟ್ಟರು. ಬ್ಯಾಟರಿಯ ವೈರು ಬಿಚ್ಚಿದರು. ಕಿಡಿ ಹಾರಬಾರದೆಂದು ಕರೆಂಟಿನ ಯಂತ್ರ ಯಾವುದನ್ನೂ ಮುಟ್ಟಲಿಲ್ಲ. ಕೈಡ್ರಿಲ್ಲು, ತಗಡು ಕತ್ತರಿ, ಅರ, ಅಷ್ಟೇ. ನಾನು ಕೇಳುವ ಮೊದಲೇ ಎಲ್ಲವನ್ನೂ ಅವರೇ ಹೇಳಿದರು. ಡಿಕ್ಕಿಯ ಮ್ಯಾಟು ಕಿತ್ತು, ಚಾಕ್‌ಪೀಸಿನಿಂದ ತಗಡಿನ ಮೇಲೆ ಚೌಕ ಬರೆದರು.

ಎಡಗಡೆ ಬರೆದರು.

ಆ ರಾತ್ರಿ ಸದ್ದು ಬಂದದ್ದು ಬಲಗಡೆಯಿಂದ. ನಾಲಿಗೆಯ ತುದಿಗೆ ಬಂತು. ಆದರೆ ನಲವತ್ತು ವರ್ಷ ಆ ಪಂಪನ್ನು ಮುಟ್ಟಿದ ಕೈಗೆ, ಒಂದು ರಾತ್ರಿ ಸದ್ದು ಕೇಳಿದ ನಾನು ಹೇಳುವುದೇ? ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಒಂದು ಕೊಂಬು ತಪ್ಪಿದರೂ ಗುರುತು ಹಾಕುವವಳು ಅವತ್ತು ಬಾಯಿ ಮುಚ್ಚಿ ನಿಂತೆ.

ಮೂಲೆಗೊಂದು ತೂತು ಕೊರೆದು, ಮುಕ್ಕಾಲು ಗಂಟೆ ಕಚಕ್ ಕಚಕ್ ಎಂದು ಕತ್ತರಿಸಿ, ತಗಡಿನ ಚೌಕವನ್ನು ಎತ್ತಿದರು. ಕಿಂಡಿಯಲ್ಲಿ ಶೆಡ್ಡಿನ ನೆಲ ಕಂಡಿತು. ಒಂದು ಒಣ ಎಲೆ ಬಿದ್ದಿತ್ತು. ಬೇರೇನೂ ಇರಲಿಲ್ಲ.

ಮಾವ ಟಾರ್ಚು ಬಿಟ್ಟು ನೋಡಿದರು. ಕೈ ಇಳಿಸಿ ತಡಕಾಡಿದರು.

"ಇಲ್ಲೇ ಇತ್ತಮ್ಮ," ಎಂದರು.

ನನಗೆ ಫ್ರಿಜ್ಜಿನ ಮೇಲಿನ ಕಾರ್ಡು ನೆನಪಾಯಿತು. ಅವರಿಗೂ ನೆನಪಾಗಿರಬೇಕು. ಸ್ಟೂಲಿನ ಮೇಲೆ ಕುಸಿದು, "ಅವನು ಹೇಳೋದೇ ಸರಿಯೇನೋ. ತಲೆ ಹೋಯ್ತು," ಎಂದರು.

ಸಮಾಧಾನದ ಮಾತು ನನಗೆ ಸುಲಭವಾಗಿ ಬರುವುದಿಲ್ಲ, ಖಚಿತವಿಲ್ಲದ್ದನ್ನು ಹೇಳಲಾರೆ. ಹಾಗಾಗಿ ಕೇಳಿದೆ: "ಮಾವ, ಕೆಳಗೆ ಹೋದಾಗ ಅದನ್ನ ಹೇಗೆ ಹಿಡೀತಿದ್ರಿ? ಒಂದ್ಸಲ ಮಾಡಿ ತೋರಿಸಿ."

ಚಾಪೆ ತಂದು ಕಾರಿನ ಹಿಂದೆ ಹಾಸಿದೆ. ಅವರು ಕಾರಿನ ಮೂತಿಯ ಕಡೆ ತಲೆ ಹಾಕಿ ಅಂಗಾತ ಮಲಗಿ ಕಣ್ಣು ಮುಚ್ಚಿದರು. ಎಡಗೈ ಮೇಲೆದ್ದು ಗಾಳಿಯಲ್ಲಿ ನಿಂತಿತು. "ಪಂಪು ಇಲ್ಲಿ. ಎರಡು ಬೋಲ್ಟು. ಒಳಗಿನದು ಬಿಗಿ, ಎರಡು ಏಟು ಹಾಕಬೇಕು. ವೈರು ಈ ಕಡೆ, ಬಿಳಿ ಬಣ್ಣದ್ದು." ಬೆರಳುಗಳು ಇಲ್ಲದ ಬೋಲ್ಟನ್ನು ತಿರುಗಿಸುತ್ತಿದ್ದವು. ಒಂದು ಕ್ಷಣವೂ ತಡವರಿಸಲಿಲ್ಲ.

ನಾನು ಅವರ ತಲೆಯ ಹತ್ತಿರ ನಿಂತು ಆ ಕೈಯನ್ನೇ ನೋಡುತ್ತಿದ್ದೆ. ಅದು ಅವರ ಎಡಗೈ. ಇದ್ದದ್ದು ಮಾತ್ರ ಕಾರಿನ ಬಲಮಗ್ಗುಲಿಗೆ.

"ಮಾವ, ಹಾಗೇ ಕಣ್ಣು ಬಿಡಿ. ನಿಮ್ಮ ಕೈ ಯಾವ ಚಕ್ರದ ಕಡೆ ಇದೆ ನೋಡಿ."

ಕತ್ತು ಹೊರಳಿಸಿ ನೋಡಿದರು. ಕೈ ಇಳಿಸಲಿಲ್ಲ. ಆಮೇಲೆ ಹೊಟ್ಟೆ ಕುಲುಕತೊಡಗಿತು. "ಅಯ್ಯೋ ನನ್ನ! ನಲವತ್ತು ವರ್ಷ ಮಲಗಿಕೊಂಡೇ ನೋಡಿದ್ದು ಕಣಮ್ಮ ನಾನು ಇದನ್ನ. ನಿಂತ್ಕೊಂಡು ನೋಡಿದ್ದು ಇವತ್ತೇ ಮೊದಲು!"

ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಎಬ್ಬಿಸಲು ನಾನು ಕೈ ಕೊಟ್ಟೆ.

"ಬಲಗಡೆ ಅಂತ ನನಗೆ ಗೊತ್ತಿತ್ತು ಮಾವ. ಸದ್ದು ಕೇಳಿದ್ದೆ. ಹೇಳಲಿಲ್ಲ."

"ಯಾಕಮ್ಮ?"

"ನೀವು ಗೊತ್ತಿರೋರು ಅಂತ."

"ಒಳ್ಳೇ ಜೋಡಿ ನಾವಿಬ್ರೂ," ಎಂದು ಕತ್ತರಿ ಕೈಗೆತ್ತಿಕೊಂಡರು.

ಬಲಗಡೆಯ ಚೌಕ ಎತ್ತಿದಾಗ, ಧೂಳು ಮೆತ್ತಿದ ಪಂಪು ಅಂಗೈಗೆ ಸಿಗುವಂತೆ ಕೂತಿತ್ತು. ಬಿಳಿ ವೈರು, ಒಳಗಿನ ಬೋಲ್ಟು ಬಿಗಿ. ಸ್ಟೂಲಿನ ಮೇಲೆ ಕೂತೇ ಹೊಸದನ್ನು ಜೋಡಿಸಿದರು. ಎರಡು ಮುಚ್ಚಳ ಮಾಡಿದೆವು, ಅಂಚಿಗೆ ರಬ್ಬರು, ನಾಲ್ಕು ನಾಲ್ಕು ಸ್ಕ್ರೂ. ಎಡಗಡೆಯದರ ಮೇಲೆ ಮ್ಯಾಟನ್ನು ಗೋಂದು ಬಳಿದು ಅಂಟಿಸಿದ್ದು ನಾನು. ಬಲಗಡೆಯ ಮ್ಯಾಟನ್ನು ಎತ್ತಿ ಇಡುವಂತೆ ಬಿಟ್ಟೆವು.

ಸಂಜೆ ಗಂಡ ಬಂದವನೇ ಚೀಲವನ್ನೂ ಇಡದೆ ಶೆಡ್ಡಿಗೆ ಬಂದ. ಮಾವ ಕೀಲಿ ತಿರುಗಿಸಿದರು. ಟಿಕ್ ಟಿಕ್ ಟಿಕ್ ಟಿಕ್. ಆಮೇಲೆ ನಿಶ್ಶಬ್ದ. ಗಂಡ ಬಲಗಡೆಯ ಮುಚ್ಚಳದ ಅಂಚನ್ನು ಬೆರಳಿನಿಂದ ಸವರಿ ನೋಡಿದ.

"ನೀಟಾಗಿದೆ ಅಪ್ಪ. ಕೆಳಗೆ ಹೋಗ್ಲಿಲ್ಲ ತಾನೆ?"

"ನಿನ್ನ ಹೆಂಡತೀನೇ ಕೇಳು."

ಅವನು ನನ್ನ ಮುಖ ನೋಡಿದ. "ಏನೂ ಎಡವಟ್ಟಾಗ್ಲಿಲ್ವಾ?"

ಮಾವ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಗಂಡನ ಕಿವಿಗೆ ಬೀಳುವುದು ಒಂದೇ: ಅಪ್ಪ ತಪ್ಪು ಜಾಗದಲ್ಲಿ ಕತ್ತರಿಸಿದರು. ಚಾಪೆಯ ಮೇಲೆ ಮಲಗಿ ಗಾಳಿಯಲ್ಲಿ ಬೋಲ್ಟು ಬಿಚ್ಚಿದ ಆ ಕೈಯನ್ನು ಅವನಿಗೆ ತೋರಿಸುವ ಮಾತು ನನ್ನಲ್ಲಿರಲಿಲ್ಲ. ನಾಳೆ ಅವರು ನಿಜವಾಗಿಯೇ ಮರೆತರೆ ಮೊದಲು ಗುರುತಿಸುವವಳು ನಾನೇ. ಆಗ ನಾನೇ ಹೇಳುತ್ತೇನೆ. ಇವತ್ತು ಆದದ್ದು ಮರೆವಲ್ಲ.

"ಕೆಳಗೆ ಹೋಗಲಿಲ್ಲ," ಎಂದೆ. "ಕೈ ತೊಳ್ಕೊಂಡು ಬಾ, ಊಟಕ್ಕಾಯ್ತು."

ಅವನು ಒಳಗೆ ಹೋದ. ಮಾವನ ಸ್ಪ್ಯಾನರು ಡಬ್ಬಿಯಲ್ಲಿ ಠಣ್ಣೆಂದಿತು. ಎಡಗಡೆಯ ಮ್ಯಾಟಿನ ಒಂದು ಮೂಲೆ ಸ್ವಲ್ಪ ಎದ್ದಿತ್ತು. ಬಗ್ಗಿ, ಗೋಂದು ಹಿಡಿಯುವ ತನಕ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಆ ರಾತ್ರಿಯ ಮಾತು, ಈ ಮುಚ್ಚಳದ ಮಾತು, ಎರಡನ್ನೂ ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿದೆ.