ಉಳಿದ ಉಣ್ಣೆಯ ಕೌದಿ

ಗಯಾಬಾಯಿ ಆ ಕೌದಿಯನ್ನು ಮೊದಲು ಹೆಣೆದದ್ದು ಕಾಳುಗಳಲ್ಲಿ.

ಸಾರಿಸಿದ ನೆಲದ ಮೇಲೆ ಇದ್ದಿಲಿನಿಂದ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಮನೆ ಗೀರಿ, ಒಂದೊಂದು ಮನೆಯಲ್ಲಿ ಒಂದೊಂದು ಕಾಳು ಇಟ್ಟಳು. ಖಾಕಿ ಉಣ್ಣೆಗೆ ತೊಗರಿ, ಕಪ್ಪು ನೀಲಿಗೆ ಉದ್ದು, ಬೂದಿ ಬಣ್ಣಕ್ಕೆ ಸಜ್ಜೆ. ಕೆಂಪು ಉಣ್ಣೆ ಇದ್ದದ್ದು ನಿಂಬೆಹಣ್ಣಿನಷ್ಟು ಒಂದು ಉಂಡೆ. ಅದಕ್ಕೆ ಎರಡೇ ಗುಲಗಂಜಿ. ಆ ಎರಡನ್ನು ಮೂಲೆಯಲ್ಲಿಟ್ಟು ನೋಡಿದಳು, ಅಂಚಿನಲ್ಲಿಟ್ಟು ನೋಡಿದಳು, ಕೊನೆಗೆ ನಟ್ಟನಡುವೆ ಇಟ್ಟಳು. ಮಗುವಿನ ಎದೆ ಬರುವುದು ಅಲ್ಲಿ. ಥಂಡಿ ಹೊಗುವುದು ಎದೆಯಿಂದಲೇ.

"ಒಬ್ಬಾಕೇ ಕುಂತು ಚೌಕಾಬಾರ ಆಡಾಕತ್ತಿ ಏನ?" ಬಾಗಿಲಲ್ಲಿ ಮುನ್ನಿ ಬೀ ನಿಂತಿದ್ದಳು.

ಮುನ್ನಿ ಬೀ ಕಲ್ಯಾಣಿ ಊರಿನ ಕಚೇರಿಯ ಪೇಶಕಾರರ ಮನೆಯಲ್ಲಿ ಕೆಲಸದವಳು. ಅದೇ ಮನೆಯ ಬಟ್ಟೆ ಒಗೆಯುವ ಅಗಸಗಿತ್ತಿ ಗಯಾಬಾಯಿ. ಎಲ್ಲೋ ಸಮುದ್ರದಾಚೆ ನಡೆದಿದ್ದ ಲಡಾಯಿ ಆ ವರ್ಷ ಪೇಶಕಾರರ ಮನೆಯೊಳಗೂ ಬಂದಿತ್ತು. ಬೇಗಂ ಮತ್ತು ಅವರ ಗೆಳತಿಯರು ಮಧ್ಯಾಹ್ನವೆಲ್ಲ ಕುಳಿತು ಸಿಪಾಯಿಗಳಿಗೆ ಕಾಲುಚೀಲ, ಮಫ್ಲರು ಹೆಣೆಯುತ್ತಿದ್ದರು. ಉಳಿದ ಚೂರು ಉಣ್ಣೆಯನ್ನು ಮುನ್ನಿ ಬೀ ಕಸದ ಜೊತೆ ಗುಡಿಸಿ, ಮೈಲಿಗೆ ಬಟ್ಟೆಯ ಗಂಟಿನಲ್ಲಿ ತುರುಕಿ ಗೆಳತಿಗೆ ಮುಟ್ಟಿಸುತ್ತಿದ್ದಳು. ಹೆಣೆಯಲು ಕಲಿಸಿದವಳೂ ಅವಳೇ. ಕಡ್ಡಿ ಇಲ್ಲವೆಂದಾಗ ಗಯಾಬಾಯಿ ಮುರುಕು ಸೈಕಲ್ಲಿನ ಚಕ್ರದ ಎರಡು ತಂತಿ ತಂದು, ಒಗೆಯುವ ಕಲ್ಲಿಗೆ ತಿಕ್ಕಿ ತುದಿ ಮಾಡಿಕೊಂಡಿದ್ದಳು.

"ಖಾಕಿನೇ ಭಾಳ ಆತಲ್ಲ ಗಯಾ. ಕೂಸಿಗಿ ಸಿಪಾಯಿ ಡ್ರೆಸ್ ಹಾಕಿದಂಗ ಕಾಣ್ತದ."

"ಸಿಪಾಯಿನೇ ಆಗಲಿ ಬೂಬವ್ವ. ಉಳದ್ರ ಸಾಕು."

ಮುನ್ನಿ ಬೀಯ ನಗೆ ನಿಂತಿತು. ಅವಳು ಒಳಗೆ ಬಂದು ಕಾಳುಗಳನ್ನು ತುಳಿಯದಂತೆ ಸೀರೆ ಎತ್ತಿಕೊಂಡು ಕುಳಿತಳು.

ಗಯಾಬಾಯಿಯ ಒಬ್ಬಳೇ ಮಗಳು ದ್ರೌಪತಿಯನ್ನು ಹುಮನಾಬಾದಿನ ವೈಜಿನಾಥನಿಗೆ ಕೊಟ್ಟಿತ್ತು. ಎರಡು ಹೆರಿಗೆ ಆಗಿದ್ದವು, ಎರಡೂ ಇದೇ ತವರುಮನೆಯಲ್ಲಿ. ಮೊದಲ ಕೂಸು ಎಂಟನೇ ದಿನಕ್ಕೆ ಹೋಯಿತು, ಎರಡನೆಯದು ಏಳನೇ ದಿನಕ್ಕೆ. ಎರಡೂ ಒಂದೇ ರೀತಿ. ಚೆನ್ನಾಗಿ ಅಳುತ್ತಿದ್ದ, ಮೊಲೆ ಚೀಪುತ್ತಿದ್ದ ಕೂಸು ಒಂದು ಬೆಳಿಗ್ಗೆ ಬಾಯಿ ಬಿಗಿಹಿಡಿಯಿತು, ಸಂಜೆಗೆ ಕಟ್ಟಿಗೆಯಂತೆ ಸೆಟೆಯಿತು. ಎರಡೂ ಸಲ ಪುಷ್ಯಮಾಸ. ಮನೆ ಕೆರೆಯ ದಂಡೆಯಲ್ಲಿ, ಗೋಡೆ ಸದಾ ಹಸಿ. ನೋಡಲು ಬಂದವರೆಲ್ಲ ಒಂದೇ ಮಾತು ಆಡಿದರು: ಥಂಡಿ ಹೊಕ್ಕಿದೆ.

ಮೂರನೆಯ ಬಸಿರಿಗೆ ದ್ರೌಪತಿಯ ಅತ್ತೆ ಸರುಬಾಯಿ ಸೊಸೆಯನ್ನು ತವರಿಗೆ ಕಳಿಸಲಿಲ್ಲ. 'ನಿಮ್ಮ ನೀರಾಗಿನ ಮನಿ ಸಾಕು' ಎಂದು ಹೇಳಿ ಕಳಿಸಿದಳು. ಹಿಂದೆಯೇ ಇನ್ನೊಂದು ಮಾತೂ ಬಂತು. ಇದೂ ಹೋದರೆ ಹಳ್ಳಿಖೇಡದಲ್ಲಿ ಮಗನಿಗೆ ಬೇರೆ ಹೆಣ್ಣು ನೋಡಿಟ್ಟಿದೆ, ದ್ರೌಪತಿ ತಾಯಿಯ ಹತ್ತಿರವೇ ಬಟ್ಟೆ ಒಗೆದುಕೊಂಡಿರಲಿ.

ಹಳೆಯ ಸೀರೆಗಳ ಕೌದಿ ಗಯಾಬಾಯಿಯ ಮನೆಯಲ್ಲಿ ಮೂರಿದ್ದವು. ಎರಡು ಕೂಸು ಸತ್ತದ್ದು ಅವುಗಳ ಕೆಳಗೇ. ಕುರುಬರ ಕಂಬಳಿ ಎಳೆ ಮೈಗೆ ಚುಚ್ಚುತ್ತದೆ, ಮೇಲಾಗಿ ಒಳ್ಳೆಯವೆಲ್ಲ ಲಡಾಯಿಗೆ ಹೋಗಿದ್ದವು. ಉಳಿದದ್ದು ಈ ಮೆತ್ತನೆಯ ಚೂರು ಉಣ್ಣೆ.

"ಇದರ ಸುತ್ತ ಗೀರಿದ್ದು ಏನ ಇದು?" ಮುನ್ನಿ ಬೀ ಬೆರಳು ತೋರಿದಳು. ಹದಿನಾರು ಮನೆಗಳಾಚೆ ಇನ್ನೂ ಎರಡು ಸುತ್ತು ಇದ್ದಿಲ ಗೆರೆ ಇತ್ತು. ಅಲ್ಲಿ ಕಾಳಿರಲಿಲ್ಲ.

"ಮುಂದಿನ ವರ್ಷಕ್ಕ ಒಂದು ಸುತ್ತು, ಮತ್ತ ಅದರ ಮುಂದಿನ ವರ್ಷಕ್ಕ ಒಂದು. ಕೂಸು ಬೆಳದಂಗ ಕೌದಿನೂ ಬೆಳೀಬೇಕಲ್ಲ. ಬಣ್ಣ ಯಾವ್ದು ಸಿಗ್ತದೋ ಯಾರಿಗಿ ಗೊತ್ತು."

"ಹಂಗಾರ ಲಡಾಯಿ ನಿಲ್ಲಬಾರದು ಅಂತ ದುವಾ ಮಾಡ್ಲೇನು?"

"ಮಾಡು. ನಿನ್ನ ಮಾತು ಯಾರ ಕೇಳ್ತಾರ."

ಒಗೆದ ಬಟ್ಟೆ ದಂಡೆಯ ಮೇಲೆ ಒಣಗುವಷ್ಟು ಹೊತ್ತು ಅವಳು ಹೆಣೆಯುತ್ತಿದ್ದಳು. ಚೌಕ ಒಂದು ಗೇಣು ಇರಬೇಕು. ಮೊದಲ ಮೂರು ಸಡಿಲಾಗಿ ಗೇಣು ಮೀರಿದವು. ಮುನ್ನಿ ಬೀ ಬೈದು ಬಿಚ್ಚಿಸಿದಳು. ಎರಡನೆಯ ಕೆಂಪು ಚೌಕಕ್ಕೆ ನಾಲ್ಕು ಸಾಲು ಉಣ್ಣೆ ಕಡಿಮೆ ಬಿತ್ತು, ಖಾಕಿ ಸೇರಿಸಿ ಮುಗಿಸಿದಳು. ಎಳ್ಳ ಅಮಾವಾಸ್ಯೆಗೆ ಎರಡು ದಿನ ಇರುವಾಗ ಹದಿನಾರೂ ಕೂಡಿ ಒಂದು ಕೌದಿಯಾಯಿತು.

ಪುಷ್ಯ ಹುಟ್ಟಿದ ಮೇಲೆ ಸುದ್ದಿ ಬಂತು: ಗಂಡು ಕೂಸು. ಸಿಕ್ಕ ಬಂಡಿ ಹತ್ತಿ ಗಯಾಬಾಯಿ ಹುಮನಾಬಾದ ಮುಟ್ಟಿದಾಗ ಕೂಸಿಗೆ ಮೂರು ದಿನ.

"ಬರ್ರಿ ಬೀಗತೇರ," ಎಂದಳು ಸರುಬಾಯಿ. "ಕಲ್ಯಾಣಿ ಥಂಡಿ ಸಂಗಾಟ ತಂದಿಲ್ಲಲ್ಲ?"

"ಥಂಡಿ ಹೊಡ್ಯೂದು ತಂದೇನ್ರಿ."

ಸರುಬಾಯಿ ಕೌದಿಯನ್ನು ಬೆರಳಲ್ಲಿ ಹಿಚುಕಿ ನೋಡಿದಳು. ಹೊಗಳಲು ಬಾಯಿ ಬರಲಿಲ್ಲ. "ಸರಕಾರಿ ಮಾಲ ಇದ್ದಂಗ ಅದ. ಪೋಲೀಸರು ಬಂದು ಕೂಸಿನ ಸಂಗಾಟ ಎತಗೊಂಡು ಹೋದಾರು," ಎಂದಳು. ಎಂದವಳೇ ಕೂಸನ್ನು ಅದರಲ್ಲಿ ಸುತ್ತಿ ಸೊಸೆಯ ಮಗ್ಗುಲಲ್ಲಿ ಮಲಗಿಸಿದಳು.

ಬಾಣಂತಿಯ ಹೊರಸಿನ ಕೆಳಗೆ ಕುಡಗೋಲು ಇತ್ತು. ಗಾಳಿ ಸೋಕಬಾರದೆಂದು ಕಬ್ಬಿಣ ಇಡುವುದು ಎಲ್ಲರ ಮನೆಯಲ್ಲೂ ಉಂಟು. ಆದರೆ ಇದು, ಮಗಳು ಈ ಸಲ ತವರಿಗೆ ಬರುವುದಿಲ್ಲವೆಂದಾಗ ಗಯಾಬಾಯಿಯೇ ಕಟ್ಟಿ ಕಳಿಸಿದ ಕುಡಗೋಲು. ಗಯಾಬಾಯಿ ಹೆತ್ತದ್ದು ಐದು. ಈ ಕುಡಗೋಲಿನಿಂದ ಹೊಕ್ಕುಳು ಕೊಯ್ದ ದ್ರೌಪತಿಯೊಬ್ಬಳೇ ಉಳಿದದ್ದು. ಅಂದಿನಿಂದ ಅದು ಮನೆಯ ದೈವ. ಮಿಕ್ಕ ದಿನ ಕತ್ತೆಗಳಿಗೆ ಹುಲ್ಲು ಕೊಯ್ಯುತ್ತಿತ್ತು. ಹೆರಿಗೆಯಾದಾಗ ಸೆರಗಿನಲ್ಲಿ ಒರೆಸಿದರೆ ಆಯಿತು.

"ನಿಮ್ಮ ಕುಡಗೋಲಿಂದನೇ ಕೊಯ್ದೀನ್ರಿ," ಎಂದಳು ಸರುಬಾಯಿ. "ಆಮ್ಯಾಲೆ ಅದಕ್ಕೂ ಒಂದು ಮಾತು ಬ್ಯಾಡ."

ನಾಲ್ಕು ದಿನ ಕೂಸು ಬೆಚ್ಚಗಿತ್ತು. ಗಯಾಬಾಯಿ ಗಳಿಗೆಗೊಮ್ಮೆ ಕೌದಿಯೊಳಗೆ ಕೈ ಹಾಕಿ ನೋಡುವಳು. ಈಗ ತಾನೇ ಹಂಚಿನಿಂದ ತೆಗೆದ ರೊಟ್ಟಿಯ ಹಾಗೆ. ಹಣೆಯ ಮೇಲೆ ಬೆವರಿನ ಹನಿ ಕೂಡ ಕಂಡಳು. ದ್ರೌಪತಿ ಮದುವೆಯಾದ ಮೇಲೆ ಮೊದಲ ಬಾರಿ ತಾಯಿಯೆದುರು ನಕ್ಕಳು.

ಏಳನೇ ದಿನ ಬೆಳಿಗ್ಗೆ ದ್ರೌಪತಿ ಕೂಗಿದಳು. "ಅವ್ವ, ಬಾಯಿ ತೆರೀವಲ್ದು."

ಗಯಾಬಾಯಿ ಕೈ ಹಾಕಿದಳು. ಮೈ ಬಿಸಿಯಾಗಿತ್ತು. ಮುಷ್ಟಿ ಬಿಗಿದಿತ್ತು, ಬೆನ್ನು ಬಿಲ್ಲಿನಂತೆ ಮೇಲೆದ್ದಿತ್ತು. ಕೌದಿಯ ಸಮೇತ ಎತ್ತಿಕೊಂಡು ಅವಳು ದವಾಖಾನೆಗೆ ಓಡಿದಳು. ಹಿಂದೆ ಬಂದ ವೈಜಿನಾಥ ಒಳಗೆ ಬರುವ ಧೈರ್ಯವಾಗದೆ ಹೊರಗೆ ಬೇವಿನ ಗಿಡದ ಕೆಳಗೆ ನಿಂತ.

ಕಂಪೌಂಡರ ಸಲಾವುದ್ದೀನ್ ಕೌದಿ ಬಿಡಿಸಿ ಕೂಸಿನ ಕಾಲು ಮುಟ್ಟಿದ. ಮುಟ್ಟಿದ್ದಕ್ಕೇ ಅದು ಇನ್ನೊಮ್ಮೆ ಸೆಟೆಯಿತು.

"ಹೊಕ್ಕುಳ ಯಾತರಿಂದ ಕೊಯ್ದ್ರಿ?"

"ಕುಡಗೋಲಿಂದ್ರಿ."

"ಅದನ್ನ ಕುದಿಸಿದ್ರೇನು?"

ಅವಳಿಗೆ ಅರ್ಥವಾಗಲಿಲ್ಲ. ಮೂವತ್ತು ವರ್ಷ ಊರಿನ ಬಟ್ಟೆಯನ್ನೆಲ್ಲ ಉಬ್ಬೆಗೆ ಹಾಕಿ ಬೇಯಿಸಿದ ಕೈ ಅದು. ಕಬ್ಬಿಣವನ್ನು ಯಾರು ಕುದಿಸುತ್ತಾರೆ? "ಥಂಡಿರಿ ಸಾಹೇಬ್ರ," ಎಂದಳು. "ಇದರ ಮೊದಲಿನ ಎರಡೂ ಹಿಂಗೇ ಹೋಗ್ಯಾವ್ರಿ. ಎಂಟಕ್ಕ ಒಂದು, ಏಳಕ್ಕ ಒಂದು."

"ಅವಕೂ ಅದೇ ಕುಡಗೋಲೇನು?"

ಗಯಾಬಾಯಿ ಹೌದೆಂದು ತಲೆಯಾಡಿಸಿದಳು.

"ಥಂಡಿ ಅಲ್ಲವ್ವ ಇದು. ಧನುರ್ವಾಯು. ಹೊಲಸು ಕಬ್ಬಿಣದಿಂದ ಹೊಕ್ಕುಳದಾಗ ವಿಷ ಹೊಕ್ಕದ." ಅವನು ಕೌದಿಯನ್ನು ಮತ್ತೆ ಮುಚ್ಚಿದ. "ಇದಕ್ಕ ನನ್ನ ಬಳಿ ಔಷಧ ಇಲ್ಲ."

ಮಧ್ಯಾಹ್ನಕ್ಕೆ ಕೂಸು ಹೋಯಿತು. ಉಣ್ಣೆಯಿಂದಾಗಿ ಮೈ ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು. ಎಲ್ಲಿಯೋ ಜೀವ ಇದ್ದೀತೆಂದು ವೈಜಿನಾಥ ಅಲ್ಲಿಯವರೆಗೂ ಮಣ್ಣಿಗೆ ಒಯ್ಯಲು ಒಪ್ಪಲಿಲ್ಲ.

ಮರುದಿನ ಸರುಬಾಯಿ ಗೋಡೆಗೆ ಒರಗಿ ಕುಳಿತು, ಯಾರನ್ನೂ ನೋಡದೆ ಹೇಳಿದಳು. "ನಮ್ಮ ಮನಿ ಥಂಡಿ ಅಲ್ಲ. ನಿಮ್ಮ ಕೌದಿ ಥಂಡಿ ಅಲ್ಲ. ಇನ್ನ ಉಳದದ್ದು ಏನ್ರಿ? ಅಕಿ ಹೊಟ್ಟಿನೇ ಥಂಡಿ. ನಿಮ್ಮ ಮಗಳನ್ನ ಕರಕೊಂಡು ನಡೀರಿ ಬೀಗತೇರ."

ಹೊರಸಿನ ಮೇಲೆ ದ್ರೌಪತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕುಪ್ಪಸದ ಎದೆ ಹಾಲಿಗೆ ನೆನೆದಿತ್ತು. ಗಯಾಬಾಯಿ ಸುಮ್ಮನಿದ್ದರೆ ಸಾಕಿತ್ತು. ಮಗಳು ಕಲ್ಯಾಣಿಗೆ ಬರುತ್ತಿದ್ದಳು, ಕಲ್ಲಿನ ಆಚೆ ಮಗಳು ಈಚೆ ತಾಯಿ ನಿಂತು ಬಟ್ಟೆ ಒಗೆಯುತ್ತ ವರ್ಷಗಳು ಕಳೆಯುತ್ತಿದ್ದವು. ಕಂಪೌಂಡರನ ಮಾತು ಕೇಳಿದವರು ಬೇರೆ ಯಾರೂ ಇರಲಿಲ್ಲ. ಅವಳು ಅಷ್ಟು ದೂರ ಯೋಚಿಸಿಯೇ ಬಾಯಿ ತೆರೆದಳು.

"ಅಕಿ ಹೊಟ್ಟಿಯಾಗ ಏನೂ ಇಲ್ರಿ. ನನ್ನ ಕುಡಗೋಲಿನಾಗ ಇತ್ತು."

ಎಲ್ಲವನ್ನೂ ಹೇಳಿದಳು. ಸರುಬಾಯಿ ತನ್ನ ಎರಡೂ ಅಂಗೈ ನೋಡಿಕೊಂಡಳು.

"ನಾ ಬರೇ ಕೊಯ್ದೀನ್ರಿ. ಕಳಿಸಿದವರು ನೀವು."

"ಹೌದ್ರಿ. ಕಳಿಸಿದಾಕಿ ನಾನೇ."

ಸರುಬಾಯಿ ಎದ್ದು ಮಗನನ್ನು ಕರೆದಳು. "ವೈಜ್ಯಾ, ಹಳ್ಳಿಖೇಡದವರಿಗಿ ಸೋಯರಿಕಿ ಬ್ಯಾಡಂತ ಹೇಳಿ ಬಾ."

ದ್ರೌಪತಿ ಆಗ ಹೊರಳಿದಳು. "ಮೊದಲನೇದಕ್ಕ ಯಾರು ಕೊಯ್ದಿದ್ರು?"

"ನಾ."

"ಎರಡನೇದಕ್ಕ?"

"ನಾನೇ, ತಾಯಿ."

ದ್ರೌಪತಿ ಅಳಲಿಲ್ಲ. "ನೀ ನಡಿ ಅವ್ವ," ಎಂದಳು.

"ಬಾಣಂತನ ಮುಗೀಲಿ. ನಿನ್ನ ಬಟ್ಟಿ ಯಾರು..."

"ಈ ಮನ್ಯಾಗೂ ಅಗಸರೇ ಇರೂದು. ನೀ ನಡಿ."

ಗಯಾಬಾಯಿ ಹೊಸ್ತಿಲು ದಾಟಿದಳು. "ಬಂಡಿ ನೋಡ್ತೀನ್ರಿ ಅತ್ತಿ, ನಿಂದರ್ರಿ," ಎಂದು ವೈಜಿನಾಥ ಅಂಗಳದಿಂದ ಕೂಗಿದ. ಅವಳು ಬಿಸಿಲಲ್ಲಿ ಕಲ್ಯಾಣಿಯ ದಾರಿ ಹಿಡಿದು ಆಗಲೇ ನಡೆಯತೊಡಗಿದ್ದಳು.